ವ್ಯಸನಮುಕ್ತಿ ಕೌನ್ಸೆಲರ್ ಆಗಲು ಯಾವ ಪದವಿ ಬೇಕು: ಡಾಲಸ್‌ಗೆ ಬಂದಿರುವ ತಂಗಿಗೆ ಉತ್ತರ

ಮನಶ್ಶಾಸ್ತ್ರವೂ ಒಂದು ವಿಷಯವಾಗಿದ್ದ ಮೂರು ವರ್ಷದ ಬಿ.ಎ. ಮುಗಿಸಿ, ಊರ ಕಡೆ ಮದ್ಯವರ್ಜನ ಶಿಬಿರಗಳಲ್ಲಿ ದುಡಿದು, ಈಗ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವ ವೀಸಾ) ಡಾಲಸ್‌ಗೆ ಬಂದಿರುವ ನೀವು, ಇಲ್ಲಿ ಪರವಾನಗಿ ಪಡೆದ ವ್ಯಸನಮುಕ್ತಿ ಕೌನ್ಸೆಲರ್ ಆಗಲು ಆ ಪದವಿ ಸಾಕೇ ಅಥವಾ ಮತ್ತೆ ಓದಬೇಕೇ ಎಂದು ಕೇಳಿದ್ದೀರಿ. ನಾನು ಹ್ಯೂಸ್ಟನ್‌ಗೆ ಬಂದಿಳಿದಾಗ ಇದನ್ನು ಯಾರ ಬಳಿ ಕೇಳಬೇಕೆಂದೂ ತಿಳಿದಿರಲಿಲ್ಲ. ಅಂಕಪಟ್ಟಿಗಳನ್ನೆಲ್ಲ ಜೋಪಾನವಾಗಿ ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ತಂದಿದ್ದೆ. ಆದರೆ ಪದವಿಯ ಮೌಲ್ಯಮಾಪನ ಮಾಡುವ ಸಂಸ್ಥೆಗೆ ಬೇಕಾಗಿದ್ದದ್ದು ವಿಶ್ವವಿದ್ಯಾನಿಲಯವೇ ಮುದ್ರೆ ಒತ್ತಿ ನೇರವಾಗಿ ಕಳಿಸಿದ ಲಕೋಟೆ. ಅದಕ್ಕಾಗಿ ನನ್ನ ತಮ್ಮ ಪರೀಕ್ಷಾ ವಿಭಾಗಕ್ಕೆ ಹೇಗೆ ಅಲೆದಿರಬೇಕೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕಕ್ಕೆಲ್ಲ ಅನ್ವಯಿಸುವ ಒಂದೇ ಪರವಾನಗಿ ಈ ವೃತ್ತಿಗೆ ಇಲ್ಲ. ಪ್ರತಿ ರಾಜ್ಯವೂ ತನ್ನದೇ ನಿಯಮ ಮಾಡಿಕೊಂಡಿದೆ. ನೀವಿರುವ ಟೆಕ್ಸಾಸ್‌ನಲ್ಲಿ ಎಲ್‌ಸಿಡಿಸಿ, ಅಂದರೆ ವ್ಯಸನಮುಕ್ತಿ ಕೌನ್ಸೆಲರ್, ಪರವಾನಗಿಗೆ ಕನಿಷ್ಠ ಅಸೋಸಿಯೇಟ್ ಪದವಿ, ಅಂದರೆ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಪದವಿ, ಸಂಬಂಧಪಟ್ಟ ವಿಷಯದಲ್ಲಿರಬೇಕು. ಅದರ ಜೊತೆಗೆ ಸಾಮಾನ್ಯವಾಗಿ 270 ಗಂಟೆಗಳ ತರಗತಿ, 300 ಗಂಟೆಗಳ ಪ್ರಾಕ್ಟಿಕಮ್ (ಪ್ರಾಯೋಗಿಕ ತರಬೇತಿ), ಮೇಲ್ವಿಚಾರಣೆಯಡಿ 4,000 ಗಂಟೆಗಳ ಕೆಲಸ, ಆಮೇಲೆ ಪರೀಕ್ಷೆ ಮತ್ತು ಬೆರಳಚ್ಚು ತಪಾಸಣೆ. ವಾರಕ್ಕೆ 40 ಗಂಟೆಯಂತೆ ಲೆಕ್ಕ ಹಾಕಿದರೂ ಆ 4,000 ಗಂಟೆಗಳಿಗೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯುತ್ತದೆ. ನಿಮ್ಮ ಬಿ.ಎ.ಯನ್ನು ಕೆಲವು ಮೌಲ್ಯಮಾಪಕರು ಇಲ್ಲಿನ ಬ್ಯಾಚುಲರ್ ಪದವಿಗೆ ಸಮವೆಂದೂ ಇನ್ನು ಕೆಲವರು ಬರೀ ಮೂರು ವರ್ಷದ ಕಾಲೇಜು ಓದೆಂದೂ ಬರೆದುಕೊಡುತ್ತಾರಾದ್ದರಿಂದ, ಯಾವ ಸಂಸ್ಥೆಯ ವರದಿಯನ್ನು ಒಪ್ಪುತ್ತಾರೆ ಎಂದು ರಾಜ್ಯದ ಕಚೇರಿಯನ್ನು ಕೇಳಿಕೊಂಡೇ ಹಣ ಕಟ್ಟಿ. ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಓದುವ ಅಭ್ಯಾಸವಿರುವ ನಿಮಗೆ ಅದು ಕಷ್ಟವಾಗದು.

ನಾನು ಒತ್ತಿ ಹೇಳಬೇಕೆಂದಿರುವುದು ಬೇರೆ. ಟೆಕ್ಸಾಸ್‌ನ ಪರವಾನಗಿಯನ್ನು ನಾನು ಇದೇ ದಾರಿಯಲ್ಲಿ, ಸ್ನಾತಕೋತ್ತರ ಪದವಿಯಿಲ್ಲದೆ ಪಡೆದೆ, ಹೆಮ್ಮೆಯಿಂದಲೇ ದುಡಿದೆ. ಆಮೇಲೆ ಯಜಮಾನರ ಕೆಲಸ ನ್ಯೂಜೆರ್ಸಿಗೆ ಬದಲಾಯಿತು. ಎಚ್-1ಬಿ ಸಂಸಾರಗಳಲ್ಲಿ ಊರು ಬದಲಿಸುವ ತೀರ್ಮಾನ ಹೇಗೆ ಆಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ನ್ಯೂಜೆರ್ಸಿಯಲ್ಲಿ ಎರಡು ಮೆಟ್ಟಿಲುಗಳಿವೆ: ಹೈಸ್ಕೂಲ್ (ಇಲ್ಲಿ ಹನ್ನೆರಡನೇ ತರಗತಿಯವರೆಗೆ) ಮುಗಿಸಿದವರೂ ತರಬೇತಿ ಪಡೆದು ಸಿಎಡಿಸಿ, ಅಂದರೆ ಪ್ರಮಾಣಪತ್ರ ಪಡೆದ ಕೌನ್ಸೆಲರ್, ಆಗಬಹುದು, ಆದರೆ ಅವರು ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು; ಸ್ವತಂತ್ರವಾಗಿ ಚಿಕಿತ್ಸೆ ನೀಡಬಲ್ಲ ಎಲ್‌ಸಿಎಡಿಸಿ, ಅಂದರೆ ಪರವಾನಗಿ ಪಡೆದ ಕೌನ್ಸೆಲರ್, ಆಗಲು ಕೌನ್ಸೆಲಿಂಗ್‌ಗೆ ಸಂಬಂಧಿಸಿದ ಸ್ನಾತಕೋತ್ತರ ಪದವಿ ಕಡ್ಡಾಯ. ಟೆಕ್ಸಾಸ್‌ನಲ್ಲಿ ಪೂರ್ಣ ಪರವಾನಗಿ ಇದ್ದ ನಾನು ಇಲ್ಲಿ ಕೆಳಗಿನ ಮೆಟ್ಟಿಲಲ್ಲಿ ನಿಂತೆ. ಅದೇ ಅನುಭವ, ಅದೇ ಕೈ, ಆದರೆ ನಾನು ಬರೆದ ಪ್ರತಿ ಚಿಕಿತ್ಸಾ ಯೋಜನೆಯ ಕೆಳಗೆ ಇನ್ನೊಬ್ಬರ ಸಹಿ ಬೀಳಬೇಕಿತ್ತು.

ಅದನ್ನೂ ಸಹಿಸಬಹುದಿತ್ತು. ನ್ಯೂಜೆರ್ಸಿಯಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಗಂಡನ ಕುಡಿತವನ್ನೋ ಮಗನ ಮಾತ್ರೆಗಳ ಚಟವನ್ನೋ ಕನ್ನಡದಲ್ಲಿಯೇ ಹೇಳಿಕೊಳ್ಳಬೇಕೆಂದು ರಾತ್ರಿ ಹೊತ್ತು ತಗ್ಗಿದ ದನಿಯಲ್ಲಿ ಫೋನ್ ಮಾಡುತ್ತಿದ್ದ ಹೆಂಗಸರಿಗೆ, ನಾನು ಖಾಸಗಿಯಾಗಿ ನೋಡುವಂತಿಲ್ಲ, ನಮ್ಮ ಕ್ಲಿನಿಕ್ಕಿಗೇ ಬನ್ನಿ ಎನ್ನಬೇಕಾಗುತ್ತಿತ್ತು. ಕ್ಲಿನಿಕ್ ಎಂದೊಡನೆ ನಾಲ್ಕು ಜನರ ಕಣ್ಣಿಗೆ ಬೀಳುವ ಭಯ. ಅವರಲ್ಲಿ ಹೆಚ್ಚಿನವರು ಬರಲಿಲ್ಲ. ನಲವತ್ತು ದಾಟಿದ ಮೇಲೆ ನಾನು ಸ್ನಾತಕೋತ್ತರ ಪದವಿ ಮಾಡಿದೆ, ಈಗ ನನ್ನದೇ ಕೊಠಡಿಯಿದೆ. ಆದರೂ ಆ ಫೋನುಗಳನ್ನು ಮರೆಯಲಾಗಿಲ್ಲ.

ಆದ್ದರಿಂದ ಟೆಕ್ಸಾಸ್‌ನ ಕನಿಷ್ಠಕ್ಕೆ ನಿಲ್ಲಬೇಡಿ. ಸಾಧ್ಯವಿದ್ದರೆ ಸಿಎಸಿಆರ್‌ಇಪಿ (ಕೌನ್ಸೆಲಿಂಗ್ ಪದವಿಗಳಿಗೆ ಮಾನ್ಯತೆ ನೀಡುವ ಸಂಸ್ಥೆ) ಮಾನ್ಯತೆಯಿರುವ 60 ಕ್ರೆಡಿಟ್‌ಗಳ ಕ್ಲಿನಿಕಲ್ ಮೆಂಟಲ್ ಹೆಲ್ತ್ ಕೌನ್ಸೆಲಿಂಗ್ ಸ್ನಾತಕೋತ್ತರ ಪದವಿಗೆ ಸೇರಿ, ವ್ಯಸನದ ಪತ್ರಿಕೆಗಳನ್ನು ಅದರಲ್ಲಿಯೇ ಆರಿಸಿಕೊಳ್ಳಿ. ಅದರಿಂದ ವೃತ್ತಿಪರ ಕೌನ್ಸೆಲರ್ ಪರವಾನಗಿಯ ದಾರಿಯೂ ತೆರೆಯುತ್ತದೆ. ಕೆಲವು ವಿಶ್ವವಿದ್ಯಾನಿಲಯಗಳು ಮೂರು ವರ್ಷದ ಪದವಿಯವರನ್ನು ತೆಗೆದುಕೊಳ್ಳುವುದಿಲ್ಲ, ಮೊದಲೇ ವಿಚಾರಿಸಿ.

ವೀಸಾ ವಿಷಯದಲ್ಲಿ ಎಚ್ಚರ ಬೇಕು. ಎಚ್-4ರಲ್ಲಿ ಓದಬಹುದು, ದುಡಿಯುವಂತಿಲ್ಲ. ನಿಮ್ಮವರ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಅನುಮೋದನೆಯಾಗಿದ್ದರೆ ಕೆಲಸದ ಪರವಾನಗಿಗೆ ಅರ್ಜಿ ಹಾಕಿ. ಅದು ಬರುವವರೆಗೆ ಸಂಬಳವಿಲ್ಲದ ಇಂಟರ್ನ್‌ಶಿಪ್ ಎಂದು ಯಾರಾದರೂ ಕರೆದರೂ ವಕೀಲರನ್ನು ಕೇಳದೆ ಒಪ್ಪಬೇಡಿ.

ಶಿಬಿರದ ಅನುಭವ ನಿಮಗೆ ದೊಡ್ಡ ಬಲ, ಆದರೆ ಒಂದು ರೂಢಿಯನ್ನು ಬಿಡಬೇಕಾಗುತ್ತದೆ. ಅಲ್ಲಿ ತಾಯಿ, ಹೆಂಡತಿ, ಊರ ಹಿರಿಯರು ಎಲ್ಲರೂ ಪಕ್ಕದಲ್ಲಿ ಕೂರುತ್ತಾರೆ. ಇಲ್ಲಿ 42 ಸಿಎಫ್‌ಆರ್ ಭಾಗ 2 ಎಂಬ ಫೆಡರಲ್ ನಿಯಮದಂತೆ, ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ಅವನು ನಮ್ಮಲ್ಲಿಗೆ ಬರುತ್ತಾನೆ ಎಂಬುದನ್ನೂ ಹೆತ್ತ ತಾಯಿಗೆ ಹೇಳುವಂತಿಲ್ಲ. ಫೋನಿನಲ್ಲಿ ಅಳುವ ತಾಯಿಗೆ ಆ ಉತ್ತರ ಕೊಡುವುದು ನನಗೆ ಇಂದಿಗೂ ಸುಲಭವಲ್ಲ.

ಇಂಟರ್ನ್‌ಶಿಪ್ ಶುರುವಾದ ದಿನದಿಂದ ಗಂಟೆಗಳ ಹಾಳೆಗೆ ಪ್ರತಿ ವಾರ ಮೇಲ್ವಿಚಾರಕರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಮನೆಯಲ್ಲಿಡಿ. ಅವರು ಕೆಲಸ ಬಿಟ್ಟು ಹೋದರೆ, ಸಹಿಯಾಗದ ಗಂಟೆಗಳನ್ನು ದೃಢಪಡಿಸುವವರು ಸಿಗುವುದು ಕಷ್ಟ. ವಿಶ್ವವಿದ್ಯಾನಿಲಯದ ಲಕೋಟೆಗೆ ಮಾತ್ರ ಈ ವಾರವೇ ಊರಿಗೆ ಹೇಳಿಕಳಿಸಿ, ಒಂದಲ್ಲ, ಎರಡು ಪ್ರತಿ ತರಿಸಿ.