ಸಿಮ್ಯುಲೇಶನ್‌ನಲ್ಲಿ ಗೆದ್ದರೆ ಸಾಕಾ?

ಷೇರಿನ 50 ಮತ್ತು 200 ದಿನದ ಸರಾಸರಿ ಬೆಲೆ ನೋಡಿ ಕೊಂಡು ಮಾರುವ ತಂತ್ರ, ಸುಮ್ನೆ ಹಿಡಿದು ಕೂರುವುದಕ್ಕಿಂತ ಸಿಮ್ಯುಲೇಶನ್‌ನಲ್ಲಿ (ಹಳೇ ಬೆಲೆಗಳ ಮೇಲೆ ಓಡಿಸಿ ನೋಡಿದಾಗ) ಜಾಸ್ತಿ ಲಾಭ ಕೊಟ್ಟಿತು, ನಂಬಬಹುದಾ ಅಂತ ಕೇಳಿದ್ದೀರಿ. ಇಷ್ಟಕ್ಕೇ ನಂಬಬೇಡಿ.

ಸಂಜೆಯ ಕ್ಲೋಸಿಂಗ್ ಬೆಲೆಯಿಂದ ಕೊಳ್ಳುವ-ಮಾರುವ ಸಿಗ್ನಲ್ ತೆಗೆದು, ಅದೇ ಬೆಲೆಗೆ ಕೊಂಡಂತೆ ಲೆಕ್ಕ ಹಾಕಿದ್ದೀರಾ? ನಾನು ಹಾಗೇ ಮಾಡಿದ್ದೆ. ನಿಜದಲ್ಲಿ ಸಿಗುವುದು ಮರುದಿನದ ಓಪನಿಂಗ್ ಬೆಲೆ, ಅಲ್ವಾ? ಎಕ್ಸೆಲ್‌ನಲ್ಲಿ ಸಿಗ್ನಲ್ ಅನ್ನು ಒಂದು ಸಾಲು, ಅಂದರೆ ಒಂದು ದಿನ, ಕೆಳಗಿಳಿಸಿದೆ, ಅರ್ಧ ಲಾಭ ಮಾಯ!

ಖರ್ಚನ್ನೂ ಸೇರಿಸಿ. ಡೆಲಿವರಿಯಲ್ಲಿ (ಅದೇ ದಿನ ಮಾರದೆ ಇಟ್ಟುಕೊಂಡು) ಒಂದು ಲಕ್ಷದ ಷೇರು ಕೊಂಡು ಮಾರಿದರೆ ಎಸ್‌ಟಿಟಿಗೇ, ಅಂದರೆ ಷೇರು ವಹಿವಾಟಿನ ತೆರಿಗೆಗೇ, ಸುಮಾರು 200 ರೂಪಾಯಿ.

ಇನ್ನೊಂದು, ಇವತ್ತಿನ ನಿಫ್ಟಿ (50 ದೊಡ್ಡ ಕಂಪನಿಗಳ ಸೂಚ್ಯಂಕ) ಪಟ್ಟಿ ಹಿಡಿದು ಹಳೇ ವರ್ಷಗಳನ್ನು ಓಡಿಸಬೇಡಿ. ಯೆಸ್ ಬ್ಯಾಂಕ್ 2020ರ ಮಾರ್ಚ್‌ವರೆಗೂ ಅದರಲ್ಲಿತ್ತು. ಬಿದ್ದವರನ್ನು ಬಿಟ್ಟರೆ ಯಾವ ತಂತ್ರವೂ ಚೆನ್ನಾಗೇ ಕಾಣುತ್ತದೆ.