ಏಷ್ಯನ್ ಗೇಮ್ಸ್ ಹುಟ್ಟುಹಾಕಿದ ಪ್ರಿನ್ಸಿಪಾಲರು

ನೀವು ಕೇಳಿರುವುದು ಇಷ್ಟು: "ಪರೀಕ್ಷೆ ಹತ್ತಿರ ಬಂತು ಅಂತ ನಮ್ಮ ಪ್ರಿನ್ಸಿಪಾಲರು ಆಟದ ಮೈದಾನಕ್ಕೆ ಬೀಗ ಹಾಕಿಸಿದ್ದಾರೆ. ಓದಿನಷ್ಟೇ ಆಟವೂ ಮುಖ್ಯ ಅಂದುಕೊಂಡ ಪ್ರಿನ್ಸಿಪಾಲರು ನಮ್ಮ ದೇಶದಲ್ಲಿ ಯಾರಾದರೂ ಇದ್ದರಾ?"

ಇದ್ದರು. ಹೆಸರು ಗುರು ದತ್ ಸೋಂಧಿ. ಸಿನಿಮಾದ ಗುರುದತ್ ಅಲ್ಲ, ಇವರು ಲಾಹೋರಿನವರು. ಜಿ. ಡಿ. ಸೋಂಧಿ ಅಂತಲೇ ಹೆಸರುವಾಸಿ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ತರಬೇತಿ ಓದುವಾಗ ನಮಗೆ ಒಂದು ಅಂಕದ ಪ್ರಶ್ನೆ ಇತ್ತು: ಏಷ್ಯನ್ ಗೇಮ್ಸ್‌ನ ಪಿತಾಮಹ ಯಾರು? ಉತ್ತರ ಜಿ. ಡಿ. ಸೋಂಧಿ. ಬಾಯಿಪಾಠ ಹೊಡೆದು ಬರೆದೆ, ಅಂಕ ಬಂತು, ಮುಗೀತು. ಆ ಮನುಷ್ಯ ಯಾರು, ಏನು ಅಂತ ತಲೆ ಕೆಡಿಸಿಕೊಂಡದ್ದು ಎಷ್ಟೋ ವರ್ಷ ಆದ ಮೇಲೆ. ಅದಕ್ಕೊಂದು ಕಾರಣ ಇತ್ತು, ಮುಂದೆ ಹೇಳುತ್ತೇನೆ.

ಸೋಂಧಿ ಹುಟ್ಟಿದ್ದು 1890ರಲ್ಲಿ, ಪಂಜಾಬಿನಲ್ಲಿ. ಓದಿದ್ದು ಲಾಹೋರಿನ ಗವರ್ನಮೆಂಟ್ ಕಾಲೇಜಿನಲ್ಲಿ, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ. ಸ್ವತಃ ಓಟಗಾರರು, ಅದೂ ಅರ್ಧ ಮೈಲಿಯವರು. ಓಡಿದವರಿಗೆ ಗೊತ್ತಿರುತ್ತದೆ, ಅರ್ಧ ಮೈಲಿ ಅಂದರೆ ಬರೀ ವೇಗ ಇದ್ದರೆ ಸಾಲದು, ಬರೀ ದಮ್ಮು ಇದ್ದರೂ ಸಾಲದು. ಎರಡನೇ ಸುತ್ತಿನ ಅರ್ಧಕ್ಕೆ ಬಂದಾಗ ಕಾಲು ಕಬ್ಬಿಣ ಆಗಿಬಿಡುತ್ತದೆ. ಅಲ್ಲಿಂದ ಮುಂದೆ ಓಡಿಸುವುದು ಹಟ ಒಂದೇ. ಅವರ ಮುಂದಿನ ಜೀವನ ಓದಿದಾಗೆಲ್ಲ ನನಗೆ ಇದೇ ನೆನಪಾಗುತ್ತದೆ.

ಇಂಗ್ಲೆಂಡಿನಿಂದ ವಾಪಸ್ ಬಂದು ತಾವು ಓದಿದ ಕಾಲೇಜಿಗೇ ಮೇಷ್ಟ್ರಾಗಿ ಸೇರಿದರು. ಪಾಠ, ಮೈದಾನ, ನಾಟಕ, ಮೂರೂ ಬೇಕು ಅವರಿಗೆ. ಕಾಲೇಜಿನ ನಾಟಕ ಸಂಘ ಅವರ ಕೈಯಲ್ಲಿ ಬೆಳೆಯಿತು. ಲಾಹೋರಿನ ಲಾರೆನ್ಸ್ ಗಾರ್ಡನ್ಸ್‌ನಲ್ಲಿರುವ ಬಯಲು ರಂಗಮಂದಿರ ಆದದ್ದೂ ಅವರಿಂದ. ಬಲರಾಜ್ ಸಾಹ್ನಿ ಓದಿದ್ದು ಅದೇ ಕಾಲೇಜಿನಲ್ಲಿ. ದೇವ್ ಆನಂದ್ ಕೂಡ ಅಲ್ಲಿನವರೇ. 1939ರಿಂದ 1945ರವರೆಗೆ ಸೋಂಧಿ ಅಲ್ಲಿ ಪ್ರಿನ್ಸಿಪಾಲ್.

ಆದರೆ ಪ್ರಿನ್ಸಿಪಾಲ್ ಕುರ್ಚಿ ಸಿಗುವ ಮೊದಲೇ ಅವರು ಕಾಲೇಜಿನ ಕಾಂಪೌಂಡು ದಾಟಿ ಆಗಿತ್ತು. ಪಂಜಾಬಿನ ಒಲಿಂಪಿಕ್ ಸಂಸ್ಥೆ, ಅಲ್ಲಿಂದ ಭಾರತ ಒಲಿಂಪಿಕ್ ಸಂಸ್ಥೆಯ ಕಾರ್ಯದರ್ಶಿ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಧ್ಯಾನ್‌ಚಂದ್ ಅವರಿದ್ದ ಹಾಕಿ ತಂಡಕ್ಕೆ ಮ್ಯಾನೇಜರ್ ಆಗಿ ಹೋದವರು ಇವರೇ. ಅಮೆರಿಕಕ್ಕೆ 24 ಗೋಲು ಹೊಡೆದು ಒಂದೇ ಒಂದು ಬಿಟ್ಟುಕೊಟ್ಟ ತಂಡ ಅದು. ಅದೇ ವರ್ಷ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು.

1934ರಲ್ಲಿ ದೆಹಲಿಯ ಇರ್ವಿನ್ ಆಂಫಿಥಿಯೇಟರಿನಲ್ಲಿ ಪಶ್ಚಿಮ ಏಷ್ಯಾ ಕ್ರೀಡಾಕೂಟ ಮಾಡಿಸಿದರು. ಬಂದದ್ದು ಬರೀ ನಾಲ್ಕು ದೇಶ: ಭಾರತ, ಅಫ್ಘಾನಿಸ್ತಾನ, ಸಿಲೋನ್, ಪ್ಯಾಲೆಸ್ಟೀನ್. ಎರಡನೆಯದು 1938ರಲ್ಲಿ ಟೆಲ್ ಅವೀವ್‌ನಲ್ಲಿ ಆಗಬೇಕಿತ್ತು, ಆಗಲಿಲ್ಲ. ಆಮೇಲೆ ಮಹಾಯುದ್ಧ ಬಂತು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೈಬಿಡುತ್ತಿದ್ದರು, ಅಲ್ವಾ?

ಇವರು ಬಿಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್ ನಡೆಯುತ್ತಿರುವಾಗಲೇ ಅಲ್ಲಿಗೆ ಬಂದಿದ್ದ ಏಷ್ಯಾದ ತಂಡಗಳ ಮುಖ್ಯಸ್ಥರನ್ನು ಒಂದು ಹೋಟೆಲಿಗೆ ಕರೆದು ಕೂರಿಸಿದರು. ಎಲ್ಲ ದೇಶದವರೂ ಹೇಗೂ ಬಂದಿದ್ದಾರೆ, ಪ್ರತ್ಯೇಕ ಟಿಕೆಟ್ ಖರ್ಚಿಲ್ಲ. ಮೇಷ್ಟ್ರ ಬುದ್ಧಿ ಅಂದರೆ ಇದು! ನಾವೂ ಅಷ್ಟೇ, ತಾಲ್ಲೂಕು ಮೀಟಿಂಗಿಗೆ ಹೋದಾಗ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಕೆಲಸ ಮುಗಿಸಿಕೊಳ್ಳುತ್ತಿದ್ದೆವು. 1949ರ ಫೆಬ್ರವರಿಯಲ್ಲಿ ದೆಹಲಿಯ ಪಟಿಯಾಲ ಹೌಸಿನಲ್ಲಿ ಏಷ್ಯನ್ ಗೇಮ್ಸ್ ಫೆಡರೇಶನ್ ಹುಟ್ಟಿತು. ಪಟಿಯಾಲ ಮಹಾರಾಜ ಯಾದವೀಂದ್ರ ಸಿಂಗ್ ಅಧ್ಯಕ್ಷರು, ಸೋಂಧಿ ಕಾರ್ಯದರ್ಶಿ. "ಏಷ್ಯಾಟಿಕ್" ಬೇಡ, "ಏಷ್ಯನ್" ಇರಲಿ ಅಂದವರು ನೆಹರೂ. "ಎಂದೆಂದೂ ಮುಂದಕ್ಕೆ" ಅನ್ನುವ ಅರ್ಥದ ಘೋಷವಾಕ್ಯ ಕೊಟ್ಟವರು ಸೋಂಧಿ.

ಕೂಟ 1950ರಲ್ಲಿ ಅಂತ ಮೊದಲು ಗೊತ್ತಾಗಿತ್ತು. ಸಿದ್ಧತೆ ಆಗದೆ ಮುಂದಕ್ಕೆ ಹೋಯಿತು. ಜಗಳಗಳೂ ಆದವು. ಆ ಕೂಟ ನಡೆಸುವ ಹೊಣೆಯಿಂದ ಸೋಂಧಿ ಹೊರಗೆ ಬಂದರು, ಕ್ರಿಕೆಟ್ ಮಂಡಳಿಯ ಆಂಥೋನಿ ಡಿಮೆಲ್ಲೊ ಹೊಣೆ ಹೊತ್ತು ನಡೆಸಿದರು. 1951ರ ಮಾರ್ಚ್ 4ರಿಂದ 11ರವರೆಗೆ, 11 ದೇಶ, 489 ಆಟಗಾರರು. ಫುಟ್‌ಬಾಲ್ ಫೈನಲ್‌ನಲ್ಲಿ ನಮ್ಮವರು ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದರು. ಬರಿಗಾಲಲ್ಲೇ ಚೆಂಡಿನ ಜೊತೆ ಆಟವಾಡಿ ಹೆಸರು ಮಾಡಿದ್ದ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಪೆಂಡಾಲ್ ಹಾಕಿಸಿದವರೊಬ್ಬರು, ಊಟಕ್ಕೆ ಕೂತವರು ಇನ್ನೊಬ್ಬರು ಅಂತ ನಮ್ಮ ಕಡೆ ಹೇಳುವ ಹಾಗೆ ಆಯಿತು ಅಂತ ನನಗೆ ಅನ್ನಿಸುತ್ತದೆ. ಆದರೆ ಡಿಮೆಲ್ಲೊ ಇಲ್ಲದಿದ್ದರೆ ಪೆಂಡಾಲ್ ನಿಲ್ಲುತ್ತಲೂ ಇರಲಿಲ್ಲವೇನೋ. ಆ ವಾದ ಇಲ್ಲಿ ಬೇಡ.

ಈಗ ನಾನು ಹೇಳಬೇಕಿದ್ದ ಕಾರಣ. ಒಂದು ವರ್ಷ ತಾಲ್ಲೂಕು ಕ್ರೀಡಾಕೂಟದಲ್ಲಿ ನನಗೆ ಟೇಬಲ್ಲಿನ ಕೆಲಸ ಬಿದ್ದಿತ್ತು, ಎಂಟ್ರಿ ನೋಡಿ ಎದೆ ನಂಬರ್ ಕೊಡುವುದು. ಒಂದು ಸಣ್ಣ ಊರಿನ ಶಾಲೆಯ ಹುಡುಗರು ಬೆಳಿಗ್ಗೆ ಆರಕ್ಕೇ ಟ್ರ್ಯಾಕ್ಟರಿನಲ್ಲಿ ಬಂದು ಇಳಿದಿದ್ದರು. ಅವರ ಎಂಟ್ರಿ ಫಾರಂ "ತಡವಾಗಿ ಬಂದಿದೆ" ಅಂತ ಕೂಟ ನಡೆಸುತ್ತಿದ್ದವರು ಪಟ್ಟಿಯಿಂದ ತೆಗೆದರು. ಫಾರಂ ಹಿಂದಿನ ವಾರವೇ ಬಂದಿತ್ತು, ಫೈಲಿನಲ್ಲಿ ನಾನೇ ಕಂಡಿದ್ದೆ. ವಿಷಯ ಇಷ್ಟೇ, ಆ ಶಾಲೆಯಲ್ಲಿ 800 ಮೀಟರ್ ಓಡುವ ಹುಡುಗನೊಬ್ಬ ಇದ್ದ, ಅವನ ಮುಂದೆ ಇವರ ಹುಡುಗ ನಿಲ್ಲುತ್ತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಹೊಸ ಕೆಲಸ, ಯಾಕೆ ಸುಮ್ನೆ ಅಂತ. ಆ ಹುಡುಗ ಸುಣ್ಣದ ಗೆರೆಯ ಆಚೆ ಕೂತು, ಚಡ್ಡಿ ಜೇಬಿನಿಂದ ಕಡಲೆ ತೆಗೆದು ತಿನ್ನುತ್ತಾ ತಾನು ಓಡಬೇಕಿದ್ದ ಓಟ ನೋಡಿದ. ಆಮೇಲೆ ಎಲ್ಲರ ಜೊತೆ ಅವನೂ ಚಪ್ಪಾಳೆ ತಟ್ಟಿದ.

ಸುಮಾರು ವರ್ಷಗಳ ಮೇಲೆ ಲೈಬ್ರರಿಯಲ್ಲಿ 1962ರ ಜಕಾರ್ತಾ ಕೂಟದ ಬಗ್ಗೆ ಓದಿದೆ. ಆತಿಥೇಯ ಇಂಡೊನೇಷ್ಯಾ ಇಸ್ರೇಲ್‌ಗೂ ತೈವಾನ್‌ಗೂ ವೀಸಾ ಕೊಡಲಿಲ್ಲ. ಇಬ್ಬರೂ ಫೆಡರೇಶನ್ನಿನ ಸದಸ್ಯರು, ಕರೆಯಲೇಬೇಕಾದವರು. ಎಲ್ಲರೂ ಮುಜುಗರದಿಂದ ಅತ್ತಿತ್ತ ನೋಡುತ್ತಿದ್ದಾಗ ಎದ್ದು ನಿಂತವರು ಸೋಂಧಿ. ಆಗ ಅವರಿಗೆ 71. ಸದಸ್ಯರನ್ನೇ ಹೊರಗಿಟ್ಟ ಮೇಲೆ ಇದನ್ನು ಏಷ್ಯನ್ ಗೇಮ್ಸ್ ಅಂತ ಕರೆಯುವ ಹಾಗಿಲ್ಲ ಅಂದರು. ಅಂದರೆ ತಾನೇ ಹೆತ್ತ ಕೂಸಿನ ಹೆಸರು ಅಳಿಸಿ ಅಂದ ಹಾಗೆ. ಜಕಾರ್ತಾ ಹೊತ್ತಿ ಉರಿಯಿತು. ಸೆಪ್ಟೆಂಬರ್ 3ರಂದು ಜನ ಭಾರತದ ರಾಯಭಾರ ಕಚೇರಿಗೆ ನುಗ್ಗಿದರು. ಸೋಂಧಿ ಆ ಊರು ಬಿಡಬೇಕಾಯಿತು.

ಪೆಟ್ಟು ತಿಂದವರು ನಮ್ಮ ಆಟಗಾರರು, ಅದನ್ನೂ ಹೇಳಬೇಕು. ಮಾರನೇ ದಿನವೇ ಫುಟ್‌ಬಾಲ್ ಫೈನಲ್. ಎದುರಾಳಿ ದಕ್ಷಿಣ ಕೊರಿಯಾ, ಆದರೆ ಇಡೀ ಸ್ಟೇಡಿಯಂ ಭಾರತದ ವಿರುದ್ಧ ಕೂಗುತ್ತಿತ್ತು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್ ಅದೇ ತಲೆಯಿಂದ ಗೋಲು ಹೊಡೆದರು. ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು, 2–1. ಆ ಗದ್ದಲದಲ್ಲಿ ನಮ್ಮ ಪರ ಕೂಗಿದ್ದು ಪಾಕಿಸ್ತಾನದ ಹಾಕಿ ತಂಡದವರು ಅಂತ ಆಟಗಾರರೇ ಹೇಳಿಕೊಂಡಿದ್ದಾರೆ. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಅದಾದ ಮೇಲೆ ನಮಗೆ ಚಿನ್ನ ಬಂದಿಲ್ಲ.

ಸೋಂಧಿ ಹೇಳಿದ್ದು ಸರಿ ಅಂತ ನನ್ನ ಅಭಿಪ್ರಾಯ. ಹೇಳಿದ ಹೊತ್ತು ಸರಿಯಿತ್ತಾ, ನಮ್ಮ ಹುಡುಗರು ಇನ್ನೂ ಆ ಊರಿನಲ್ಲೇ ಇದ್ದಾಗ? ಅದು ಬೇರೆ ಮಾತು. ಆದರೆ ಆವತ್ತು ಲೈಬ್ರರಿಯಲ್ಲಿ ನನಗೆ ಜಕಾರ್ತಾ ಕಾಣಲೇ ಇಲ್ಲ, ಕಡಲೆ ತಿನ್ನುತ್ತಿದ್ದ ಆ ಹುಡುಗನೇ ಕಂಡ. ಮುಂದಿನ ವರ್ಷದಿಂದ ಎಂಟ್ರಿ ಫಾರಂ ಬಂದ ಕೂಡಲೇ ಸಹಿ, ತಾರೀಖು, ಟೈಮು ಬರೆದು ರಸೀದಿ ಕೊಡುವ ರೂಢಿ ಶುರು ಮಾಡಿದೆ. ಕೆಲವರಿಗೆ ಸಿಟ್ಟು ಬಂತು, ಬರಲಿ ಬಿಡಿ ಅಂತ ಸುಮ್ಮನಿದ್ದೆ. ಸೋಂಧಿ 1966ರಲ್ಲಿ ತೀರಿಕೊಂಡರು, ಒಲಿಂಪಿಕ್ ಸಮಿತಿಯ ಸದಸ್ಯರಾಗಿ 34 ವರ್ಷ ಇದ್ದು.

ಇನ್ನು ನಿಮ್ಮ ಮೈದಾನದ ಬೀಗ. ಪ್ರಿನ್ಸಿಪಾಲರ ಹತ್ತಿರ ವಾದಕ್ಕೆ ಇಳಿಯಬೇಡಿ, ಕೆಲಸ ಕೆಡುತ್ತದೆ. ಸಂಜೆ ಐದರಿಂದ ಆರೂವರೆವರೆಗೆ ಮಾತ್ರ ಅಂತ ಅರ್ಜಿ ಬರೆಯಿರಿ. ಕೆಳಗೆ ಒಬ್ಬ ಲೆಕ್ಚರರ್ ಸಹಿ ಹಾಕಿಸಿ, ಗಣಿತದವರೋ ಫಿಸಿಕ್ಸ್‌ನವರೋ ಆದರೆ ಇನ್ನೂ ಒಳ್ಳೆಯದು. ಬೀಗದ ಕೈ ಆ ಲೆಕ್ಚರರ್ ಹತ್ತಿರವೇ ಇರಲಿ ಅಂತಲೂ ಬರೆಯಿರಿ. ನಮ್ಮ ಶಾಲೆಯಲ್ಲಿ ಹೀಗೆ ಶುರುವಾಗಿ, ಎರಡು ತಿಂಗಳಲ್ಲಿ ಆ ಗಣಿತದ ಮೇಷ್ಟ್ರೇ ಪಂಚೆ ಮೇಲಕ್ಕೆ ಕಟ್ಟಿಕೊಂಡು ವಾಲಿಬಾಲ್ ಆಡಲು ಇಳಿದಿದ್ದರು.