ಸಿಗದಿದ್ದನ್ನು ಮಾತ್ರ ಕೇಳಿ

ಪ್ರಶ್ನೆ: ಮಲ್ಟಿಕಾಸ್ಟ್‌ನಲ್ಲಿ (ಒಮ್ಮೆ ಕಳಿಸಿದ್ದು ಹಲವು ಕಂಪ್ಯೂಟರ್‌ಗಳಿಗೆ ತಲುಪುವ ವಿಧಾನ) ಲ್ಯಾಬಿನ ಕಂಪ್ಯೂಟರ್‌ಗಳಿಗೆಲ್ಲ ಒಂದೇ ಫೈಲ್ ಕಳಿಸಿದರೆ ಕೆಲವಕ್ಕೆ ಅರ್ಧಂಬರ್ಧ ತಲುಪುತ್ತದೆ. ಇಂಟರ್ನೆಟ್‌ನಲ್ಲಿ ಡೇಟಾ ಕಳಿಸುವ ಟಿಸಿಪಿ ವಿಧಾನದ ತರಹ ಪ್ರತಿಯೊಂದೂ ‘ಸಿಕ್ಕಿತು’ ಅಂತ ಉತ್ತರಿಸಿದರೆ ಸಾಲದೇ?
– ಓದುಗರು, ಹಾಸನ

ಉತ್ತರ: ಹತ್ತು ಕಂಪ್ಯೂಟರ್ ಇದ್ದರೆ ನಡೆಯುತ್ತದೆ. ಸಾವಿರ ಇದ್ದರೆ ಫೈಲಿನ ಪ್ರತಿ ಪ್ಯಾಕೆಟ್‌ಗೂ (ಕಳಿಸುವ ತುಣುಕಿಗೂ) ಸಾವಿರ ಉತ್ತರ ಬಂದು ಸರ್ವರ್ ಮುಳುಗುತ್ತದೆ. ಅದಕ್ಕೇ ಸಿಗದಿದ್ದನ್ನು ಮಾತ್ರ ಕೇಳಬೇಕು. ಪ್ಯಾಕೆಟ್‌ಗಳಿಗೆ ಕ್ರಮಸಂಖ್ಯೆ ಇರುತ್ತದೆ; 42 ಆದಮೇಲೆ 44 ಬಂದರೆ 43 ಕಳೆದಿದೆ ಅಂತ ಗೊತ್ತಾಗುತ್ತದಲ್ವಾ? ಆದರೆ ಎಲ್ಲವೂ ಒಟ್ಟಿಗೆ ಕೇಳಿದರೆ ಮತ್ತೆ ಅದೇ ಗಲಾಟೆ. 1995ರಲ್ಲಿ ನೆಟ್‌ವರ್ಕ್ ಸಂಶೋಧಕರಾದ ಸ್ಯಾಲಿ ಫ್ಲಾಯ್ಡ್, ವ್ಯಾನ್ ಜೇಕಬ್‌ಸನ್ ಮತ್ತು ಜೊತೆಗಾರರು ಪ್ರಕಟಿಸಿದ ಎಸ್‌ಆರ್‌ಎಂ (ಸ್ಕೇಲಬಲ್ ರಿಲಯಬಲ್ ಮಲ್ಟಿಕಾಸ್ಟ್) ಎಂಬ ವಿಧಾನ ಇದನ್ನು ತುಂಬಾ ಚೆನ್ನಾಗಿ ಬಿಡಿಸಿತು: ಪ್ರತಿಯೊಂದು ಕಂಪ್ಯೂಟರೂ ಕೇಳುವ ಮೊದಲು ಬೇರೆ ಬೇರೆ ಹೊತ್ತು ಕಾಯುತ್ತದೆ, ಅಷ್ಟರಲ್ಲಿ ಬೇರೊಂದು 43 ಕೇಳಿದ್ದು ತಿಳಿದರೆ ತಾನು ಸುಮ್ಮನಾಗುತ್ತದೆ, 43 ಇಟ್ಟುಕೊಂಡಿರುವ ಯಾವುದಾದರೂ ಕಂಪ್ಯೂಟರ್ ಅದನ್ನು ಎಲ್ಲರಿಗೂ ಕಳಿಸುತ್ತದೆ. ನೀವು ನಾರ್ಮ್ (NORM) ಪ್ರಯತ್ನಿಸಿ; ಇದೂ ಸಿಗದಿದ್ದನ್ನು ಮಾತ್ರ ಕೇಳುವ ಮಲ್ಟಿಕಾಸ್ಟ್ ವಿಧಾನ. ಅದರಲ್ಲಿ ಒಂದೇ ರಿಪೇರಿ ಪ್ಯಾಕೆಟ್ ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಕಳೆದ ಬೇರೆ ಬೇರೆ ಪ್ಯಾಕೆಟ್‌ಗಳ ಜಾಗ ತುಂಬಬಲ್ಲದು.